ಬೆಳಕಿಗೆ ಬಾಗಿಲು ಹಾಕಿದ ಮಾವ

ವಿಜಯನಗರ, ಮಾರೇನಹಳ್ಳಿ, ಅತ್ತಿಗುಪ್ಪೆ ಮೂರನ್ನೂ ಜಾಲಾಡಿದರೂ ನಮ್ಮ ಮಾವನಷ್ಟು ಬೆಳಕನ್ನು ದ್ವೇಷಿಸುವ ಮನುಷ್ಯ ಸಿಕ್ಕುವುದಿಲ್ಲ. ಮಾವ ಅಂದರೆ ನನ್ನ ಅಮ್ಮನ ತಮ್ಮ. ಸರ್ವೀಸು ಪೂರ್ತಿ ಮಾಡಿದ್ದು ಎಲ್ಲಿ ಗೊತ್ತೇ? ಕರೆಂಟ್ ಆಫೀಸಿನಲ್ಲಿ. ಊರಿಗೆಲ್ಲ ಬೆಳಕು ಕೊಟ್ಟು ನಿವೃತ್ತರಾದವರು, ಆಮೇಲೆ ಸಿಕ್ಕಸಿಕ್ಕವರನ್ನೆಲ್ಲ ಕತ್ತಲೆಗೆ ತಳ್ಳಲು ಹೊರಟರು.

ಹೇಗೆ ಅಂತೀರಾ? ಫೋಟೋ ತೆಗೆದು. ನಿವೃತ್ತಿಯಾದಾಗ ಮಗಳು ಒಂದು ಕ್ಯಾಮೆರಾ ಕೊಡಿಸಿದಳು. ಬೇರೆ ಯಾರೇ ಆಗಿದ್ದರೂ ಹಕ್ಕಿ, ಹೂವು, ಮೊಮ್ಮಕ್ಕಳು ಅಂತ ತೆಪ್ಪಗಿರುತ್ತಿದ್ದರು. ಮಾವ ಮೊಬೈಲಿನಲ್ಲಿ ಯಾರದೋ ವಿಡಿಯೋ ನೋಡಿ 'ಲೋ ಕೀ' ಹುಚ್ಚು ಹತ್ತಿಸಿಕೊಂಡರು. ಹಿಂದೆ ಕಪ್ಪು, ಸುತ್ತ ಕಪ್ಪು, ಪಕ್ಕದಿಂದ ಒಂದೇ ಒಂದು ದೀಪ. ಮುಖದಲ್ಲಿ ಒಂದು ಕೆನ್ನೆ, ಅರ್ಧ ಮೂಗು, ಒಂದು ಕಣ್ಣು ಕಂಡರೆ ಅದೇ ಪುಣ್ಯ. "ಇನ್ನು ಮೇಲೆ ನಂದು ಲೋ ಕೀ" ಅಂತ ಅವರು ಘೋಷಿಸಿದಾಗ ಅತ್ತೆ, "ಯಾವ ಕೀ? ಬೀರುದಾ, ಸ್ಕೂಟರ್‌ದಾ? ಎಲ್ಲಿ ಬೀಳಿಸ್ಕೊಂಡ್ರಿ?" ಅಂದರಂತೆ.

ಮಾರೇನಹಳ್ಳಿಯ ಅವರ ಮನೆಯ ಮುಂದಿನ ರೂಮು ಸ್ಟುಡಿಯೋ ಆಯಿತು. ಕಿಟಕಿಗೆ ಕಂಬಳಿ, ಬಾಗಿಲ ಸಂದಿಗೆ ಹಳೇ ಪಂಚೆ. ಗೋಡೆಗೆಂದು ತಂದ ಕರಿಬಟ್ಟೆ ಫೋಟೋದಲ್ಲಿ ಬೂದಿ ಬಣ್ಣ ಹೊಡೆಯಿತು. ಮಾವ ಬೀರು ತೆಗೆದು, ಅತ್ತೆಯ ಕಪ್ಪು ವೆಲ್ವೆಟ್ ಶಾಲನ್ನು ಗೋಡೆಗಿಟ್ಟು ನಾಲ್ಕು ಮೂಲೆಗೂ ಮೊಳೆ ಹೊಡೆದರು. ನಾನು ಹೇಳಿಯೇಬಿಟ್ಟೆ. "ಮಾವ, ಅದು ನಿಮ್ಮ ಮಗಳು ಮೊದಲನೇ ಸಂಬಳದಲ್ಲಿ ಅಮ್ಮನಿಗೆ ಕೊಡಿಸಿದ ಶಾಲು."

"ಅದಕ್ಕೇ ಕಣೇ ಒಳ್ಳೇ ಕ್ವಾಲಿಟಿ. ಒಂದು ಚೂರು ಬೆಳಕನ್ನೂ ವಾಪಸ್ ಕೊಡಲ್ಲ."

ಇಂಥವರ ಹತ್ತಿರ ಏನು ಜಗಳ ಆಡುತ್ತೀರಿ?

ಮನೆಯೊಳಗಿನ ಕತ್ತಲೆ ಮನೆಯೊಳಗೇ ಇದ್ದಿದ್ದರೆ ನಾನೂ ಸುಮ್ಮನಿರುತ್ತಿದ್ದೆ. ಪಕ್ಕದ ಬೀದಿಯ ಹಾರ್ಡ್‌ವೇರ್ ಅಂಗಡಿಯವರಿಗೆ ರಾಜಕೀಯಕ್ಕೆ ಇಳಿಯುವ ಆಸೆ. ಗಣೇಶನ ಹಬ್ಬಕ್ಕೆ ಶುಭಾಶಯದ ಫ್ಲೆಕ್ಸ್ ಹಾಕಿಸಲು ಒಂದು ಫೋಟೋ ಬೇಕಾಗಿತ್ತು. "ಕೈ ಮುಗಿದು ನಗ್ತೀನಿ ಸಾರ್" ಅಂದರು. "ನಗಬೇಡಿ. ತಲೆ ಸ್ವಲ್ಪ ಬಗ್ಗಿಸಿ, ಬದುಕಿನ ಬಗ್ಗೆ ಯೋಚನೆ ಮಾಡಿ" ಅಂದರು ಮಾವ. ಫ್ಲೆಕ್ಸ್ ಸರ್ಕಲ್ಲಿನಲ್ಲಿ ಏರಿತು. ಕಗ್ಗತ್ತಲೆಯ ನಡುವೆ ಕಣ್ಣು ಬಗ್ಗಿಸಿದ ಮುಖ. ಕೆಳಗಿನ ಶುಭಾಶಯ ಓದುವ ವ್ಯವಧಾನ ಯಾರಿಗಿದೆ? ಮಧ್ಯಾಹ್ನದ ಹೊತ್ತಿಗೆ ಯಾರೋ ಪುಣ್ಯಾತ್ಮರು ಹಾರ ಹಾಕಿ ಊದುಬತ್ತಿ ಹಚ್ಚಿಟ್ಟಿದ್ದರು. ಅಂಗಡಿಯವರ ಭಾವಮೈದ ಕೆಂಗೇರಿಯಿಂದ ಆಟೋದಲ್ಲಿ ಅಳುತ್ತಾ ಬಂದರೆ, ಬಾಗಿಲು ತೆಗೆದದ್ದು ಸತ್ತವರೇ.

ಮಾವನಿಗೆ ನಾಚಿಕೆಯಾಯಿತೇ? "ನೋಡು, ಒಂದು ಫೋಟೋ ಜನರ ಮನಸ್ಸನ್ನ ಹೇಗೆ ಕಲಕಿಬಿಡ್ತು" ಅಂತ ನನ್ನ ಹತ್ತಿರವೇ ಬೀಗಿದರು.

ಕೊನೆಗೆ ನನ್ನ ಬುಡಕ್ಕೇ ಬಂತು. ನನ್ನ ಮಗಳಿಗೆ ರಾಜಾಜಿನಗರದ ಒಂದು ಒಳ್ಳೇ ಸಂಬಂಧ ಕೂಡಿಬರುತ್ತಿತ್ತು. ಹುಡುಗನ ಮನೆಯವರು ಮಾವನಿಗೆ ಪರಿಚಯದವರು. ಅವರು ಫೋಟೋ ಕೇಳಿದ್ದೇ ತಡ, ಮಾವ ನನಗೆ ತೋರಿಸದೆ, ತಮ್ಮ ಸ್ಟುಡಿಯೋದಲ್ಲಿ ತೆಗೆದಿದ್ದ ಅವಳ ಕಲಾಕೃತಿಯನ್ನೇ ವಾಟ್ಸಾಪಿನಲ್ಲಿ ಕಳಿಸಿದರು. ಮಾರನೇ ದಿನ ಹುಡುಗನ ತಾಯಿಯ ಫೋನು. "ತಪ್ಪು ತಿಳ್ಕೋಬೇಡಿ. ಹುಡುಗಿ ಲಕ್ಷಣವಾಗಿದಾಳೆ. ಆದ್ರೆ... ಇನ್ನೊಂದು ಕಣ್ಣಿಗೆ ಏನಾದ್ರೂ ತೊಂದ್ರೆನಾ?"

ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ನನ್ನ ಮೈ ಉರಿದುಹೋಯಿತು. ಮಾವನಿಗೆ ಫೋನ್ ಮಾಡಿದೆ.

"ಸ್ವಲ್ಪ ಮುಚ್ಚಿಟ್ರೇನೇ ನೋಡೋ ಆಸೆ ಹುಟ್ಟೋದು ಕಣೇ" ಅಂದರು ಮಾವ.

"ಆಸೆ ಅಲ್ಲ ಮಾವ, ಅನುಮಾನ ಹುಟ್ಟಿದೆ" ಅಂದು ಫೋನಿಟ್ಟೆ. ಆ ಸಂಬಂಧ ಮುಂದುವರಿಯಲಿಲ್ಲ. ನಾನು ಮಾವನ ಜೊತೆ ಮಾತು ಬಿಟ್ಟೆ.

ಹೀಗಿರುವಾಗ ಒಂದು ದಿನ ತರಕಾರಿ ತಗೊಂಡು ಮನೆಗೆ ಬಂದರೆ ಅಮ್ಮ ಇಲ್ಲ. ಅಮ್ಮ ನನ್ನ ಜೊತೆಗೇ ಇರುವುದು. ಹಿಂದಿನ ವರ್ಷ ಪಾರ್ಶ್ವವಾಯು ಬಡಿದಿತ್ತು. ಕೈಕಾಲು ಸರಿಹೋದವು, ಆದರೆ ಮುಖದ ಎಡಭಾಗ ಜೋತುಬಿದ್ದೇ ಉಳಿಯಿತು. ಅಂದಿನಿಂದ ಅಮ್ಮ ಮಾತಾಡುವಾಗಲೂ ಬಾಯಿಗೆ ಸೆರಗು ಹಿಡಿಯುತ್ತಿದ್ದಳು. ಮದುವೆ ಮನೆಗಳಲ್ಲಿ ಫೋಟೋ ತೆಗೆಯುವವರು ಬಂದರೆ ಎದ್ದು ಕೈ ತೊಳೆಯಲು ಹೋಗುತ್ತಿದ್ದಳು. ಅಂಥವಳು ಒಬ್ಬಳೇ ಎಲ್ಲಿ ಹೋದಳು? ಎದುರು ಮನೆಯವರು, "ಮಾರೇನಹಳ್ಳಿಗೆ ಅಂತ ಆಟೋ ಹತ್ತಿದ್ರು ಆಂಟಿ" ಅಂದರು.

ಅಮ್ಮನನ್ನೂ ಬಿಡಲಿಲ್ಲವೇ ಈ ಮನುಷ್ಯ? ಜಗಳಕ್ಕೆ ಬೇಕಾದ ಮಾತುಗಳನ್ನೆಲ್ಲ ದಾರಿಯಲ್ಲೇ ಜೋಡಿಸಿಕೊಂಡು ಹೋದೆ. ಅತ್ತೆ ಬಾಗಿಲು ತೆಗೆದು, ತುಟಿಯ ಮೇಲೆ ಬೆರಳಿಟ್ಟು ಒಳಗೆ ಬಿಟ್ಟರು.

ಅಮ್ಮ ಸ್ಟೂಲಿನ ಮೇಲೆ ಕೂತಿದ್ದಳು. "ಯಾವ ಕಡೆ ತಿರುಗಲೋ?" ಅಂತ ಕೇಳುತ್ತಿದ್ದಳು.

"ನೀನು ತಿರುಗಬೇಡ ಅಕ್ಕ. ಲೈಟನ್ನ ನಾನು ತಿರುಗಿಸ್ತೀನಿ" ಅಂದರು ಮಾವ. ದೀಪ ಬಲಗಡೆಗೆ ಬಂತು. ಎಡಗಡೆ ಕತ್ತಲೆಯಲ್ಲಿ ಕರಗಿತು. ಫೋಟೋ ತೆಗೆದು ಕ್ಯಾಮೆರಾವನ್ನು ಅಮ್ಮನ ಕೈಗೇ ಕೊಟ್ಟರು. ಅಮ್ಮ ಕನ್ನಡಕ ಸರಿಮಾಡಿಕೊಂಡು ಬಹಳ ಹೊತ್ತು ನೋಡಿದಳು.

"ಇದು ನಾನೇ ಕಣೋ."

"ಮತ್ತಿನ್ಯಾರು?"

ಅಮ್ಮ ಕ್ಯಾಮೆರಾ ವಾಪಸು ಕೊಟ್ಟಳು. "ಆ ಕಡೆನೂ ಒಂದು ತೆಗಿ. ಅದೂ ನಾನೇ ಅಲ್ವಾ" ಅಂದಳು.

ಮಾವ ದೀಪದ ಸ್ಟ್ಯಾಂಡನ್ನು ಎಡಗಡೆಗೆ ತಂದು ನಿಲ್ಲಿಸಿದರು. ಕ್ಯಾಮೆರಾಕ್ಕೆ ಕಣ್ಣು ಹಚ್ಚಿದರು, ತೆಗೆದರು, ಅಂಗಿಯ ತೋಳಿನಲ್ಲಿ ಮುಖ ಒರೆಸಿಕೊಂಡು ಮತ್ತೆ ಹಚ್ಚಿದರು. "ಒಂದು ನಿಮಿಷ ಇರು ಅಕ್ಕ, ಫೋಕಸ್ ಸಿಗ್ತಾ ಇಲ್ಲ."

"ನಿಧಾನವಾಗಿ ತೆಗಿಯೋ, ನನಗೇನು ಅವಸರ" ಅಂದಳು ಅಮ್ಮ. ಅವಳ ಎರಡೂ ಕೈ ಮಡಿಲಲ್ಲೇ ಇದ್ದವು. ಸೆರಗು ಹೆಗಲ ಮೇಲೇ ಇತ್ತು.