ನಲವತ್ತೆರಡು ಎಡಗೈಗಳು

ಗಣಿತದ ಮೇಷ್ಟ್ರು ಸೋಮಾರಿಯಲ್ಲ. ಆದರೆ ನಲವತ್ತೆರಡು ಮಕ್ಕಳಿಗೆ ನಲವತ್ತೆರಡು ಬಗೆಯ ಕಲಿಕಾ ಯೋಜನೆ ಬರೆಯುವಷ್ಟು ಪುಣ್ಯಾತ್ಮರೂ ಅಲ್ಲ. ‘ಮಗುವಿಗೊಂದು ಪಾಠ’ ಎಂಬ ಹೊಸ ಪದ್ಧತಿಯನ್ನು ಅಕ್ಕಪಕ್ಕದ ಮೂರು ಜಿಲ್ಲೆಗಳಿಗೂ ಹಬ್ಬಿಸಬಹುದೇ ಎಂದು ನೋಡಲು ಶಿಕ್ಷಣ ಇಲಾಖೆಯ ಸಾಹೇಬರು ಬರುವವರಿದ್ದರು. ಮೇಷ್ಟ್ರು ಮುಂದಿನ ಬೆಂಚಿನ ಹುಡುಗಿಯ ಬಗ್ಗೆ ಮನಸ್ಸಿಟ್ಟು ಒಂದು ಹಾಳೆ ಬರೆದರು. ಉಳಿದವರಿಗೆಲ್ಲ ಹೆಸರು ಬದಲಾಯಿಸಿ ಅದನ್ನೇ ಇಳಿಸಿದರು.

ಸಾಹೇಬರು ಬರುವ ದಿನ ಬೆಳಿಗ್ಗೆ ಗುಮಾಸ್ತರು ಸ್ಟಾಫ್ ರೂಮಿನಲ್ಲಿ ಮೇಷ್ಟ್ರನ್ನು ತಡೆದರು.

“ಮೇಷ್ಟ್ರೇ, ನಿಮ್ಮ ಕ್ಲಾಸಲ್ಲಿ ಎಲ್ಲರೂ ಎಡಗೈಯವರಾ?”

“ಯಾಕ್ರೀ?”

“ಎಲ್ಲ ಹಾಳೇಲೂ ಅದೇ ಇದೆ. ‘ಎಡಗೈಯಲ್ಲಿ ಬರೆಯುವ ಮಗು, ಕಿಟಕಿಯ ಪಕ್ಕ ಕೂರಿಸಬೇಕು.’ ನಿನ್ನೇನೇ ಸಾಹೇಬರಿಗೆ ಕಳಿಸಿಬಿಟ್ಟೆ. ಆಮೇಲೆ ಆಫೀಸ್ ಕಾಪಿ ಓದಿದೆ.”

ಎಡಗೈಯವಳು ಮುಂದಿನ ಬೆಂಚಿನ ಹುಡುಗಿಯೊಬ್ಬಳೇ ಎಂದು ಮೇಷ್ಟ್ರು ತಲೆ ಚಚ್ಚಿಕೊಂಡರು. ಹೀಗೆ ನಕಲು ಹೊಡೆದ ಇನ್ನೊಂದು ಶಾಲೆಯ ಮೇಷ್ಟ್ರನ್ನು ಸಾಹೇಬರು ಹೋದ ವಾರವಷ್ಟೇ ಸಸ್ಪೆಂಡ್ ಮಾಡಿದ್ದರು.

ಬಿಟ್ಟಿ ಸಲಹೆಗೆ ಬರವೇ? ಡ್ರಾಯಿಂಗ್ ಟೀಚರ್ ಜ್ವರ ಬರಿಸಿಕೊಳ್ಳಿ ಅಂದರು. ಡ್ರಿಲ್ ಮೇಷ್ಟ್ರು ಮಾತ್ರ ತೋಳೇರಿಸಿದರು.

“ಹಾಳೆ ಬದಲಾಯಿಸೋಕಾಗಲ್ಲ, ಮಕ್ಕಳನ್ನ ಬದಲಾಯಿಸೋಣ. ನನಗೊಂದು ಪೀರಿಯಡ್ ಬಿಟ್ಟುಕೊಡಿ.”

ಒಂದೇ ಪೀರಿಯಡ್ಡಿನಲ್ಲಿ, ಸೀಟಿಯ ಅಬ್ಬರಕ್ಕೆ, ಎಲ್ಲ ಪೆನ್ಸಿಲ್ಲುಗಳೂ ಎಡಗೈ ಸೇರಿದವು. ಆದರೆ ಕೋಣೆಗೆ ಇದ್ದದ್ದು ಎರಡೇ ಕಿಟಕಿ. ಮಕ್ಕಳು ಬೆಲ್ಲಕ್ಕೆ ಇರುವೆ ಮುತ್ತಿದಂತೆ ಅವಕ್ಕೆ ಮುತ್ತಿಕೊಂಡರು. ಮೊಣಕೈಗೆ ಮೊಣಕೈ ತಾಗಿ ಜಗಳ ಹತ್ತಿತು, ಒಂದು ಬೆಂಚು ಮಗುಚಿತು. ಸರಿಯಾಗಿ ಆಗಲೇ ಸಾಹೇಬರು, ಹೆಡ್‌ಮಿಸ್ ಜೊತೆ, ಒಳಗೆ ಬಂದರು.

ಸಾಹೇಬರು ಒಂದೊಂದೇ ಎಡಗೈಯನ್ನು ಎಣಿಸಿ ನೋಡಿದರು. ಮೇಷ್ಟ್ರು ಮನೆದೇವರನ್ನು ನೆನೆದರು.

“ಎಡಗೈ ಮಕ್ಕಳನ್ನೆಲ್ಲ ಹುಡುಕಿ ಒಂದೇ ಸೆಕ್ಷನ್ ಮಾಡಿದ್ದೀರಾ?”

“ಹೂಂ ಸಾರ್,” ಅಂದರು ಹೆಡ್‌ಮಿಸ್, ಕಣ್ಣು ಮಿಟುಕಿಸದೆ.

ಸಾಹೇಬರು ತಮ್ಮ ಬೆರಳ ಗಂಟು ಸವರಿಕೊಂಡರು. “ನಾನೂ ಎಡಗೈಯವನೇ. ಚಿಕ್ಕವನಿದ್ದಾಗ ಬೆರಳ ಗಂಟಿನ ಮೇಲೆ ಹೊಡೆದು ಬಲಗೈಲಿ ಬರೆಸೋರು. ಇಂಥ ಮೇಷ್ಟ್ರು ನನಗೆ ಸಿಗಲಿಲ್ಲ. ಬೇರೆ ಕಡೆ ಹಾಳೇಲಿ ಒಂದು, ಕ್ಲಾಸಲ್ಲಿ ಒಂದು. ಇಲ್ಲಿ ಬರೆದಂಗೇ ಇದೆ. ಇದು ಮೂರು ಜಿಲ್ಲೆಗೂ ಹೋಗ್ಲಿ.”

ಮೇಷ್ಟ್ರಿಗೆ ಹೋದ ಜೀವ ಬಂದಂತಾಯಿತು. ಅಷ್ಟರಲ್ಲಿ ಸಾಹೇಬರು ಸೀಮೆಸುಣ್ಣ ಚಾಚಿದರು.

“ಮಕ್ಕಳನ್ನ ಇಷ್ಟು ಅರ್ಥ ಮಾಡ್ಕೊಂಡಿದ್ದೀರಿ ಅಂದ್ರೆ ನೀವೂ ನಮ್ಮವರೇ. ಎರಡು ಸಾಲು ಬರೀರಿ, ನೋಡೋಣ.”

ಮೇಷ್ಟ್ರು ಎಡಗೈಯಲ್ಲಿ ಬರೆದರು. ಅಕ್ಷರಗಳು ಒಂದರ ಮೇಲೊಂದು ಉರುಳಿಬಿದ್ದವು. ಸಾಹೇಬರು ಅವರ ಹೆಗಲ ಮೇಲೆ ಕೈಯಿಟ್ಟರು.

“ಪಾಪ, ನಿಮಗೂ ಹೊಡೆದು ಹೊಡೆದು ಬಲಗೈ ರೂಢಿ ಮಾಡಿಸಿದ್ದಾರೆ, ಅಲ್ವಾ?”

ಮೇಷ್ಟ್ರು ತಲೆಯಾಡಿಸಿದರು. ಇನ್ನೇನು ಮಾಡಿಯಾರು?

ಸಾಹೇಬರು ಅಲ್ಲೇ ಕೂತು ನಲವತ್ತಮೂರನೆಯ ಕಲಿಕಾ ಯೋಜನೆಯನ್ನು ಸ್ವಂತ ಕೈಯಲ್ಲಿ ಬರೆದರು. ಮೇಷ್ಟ್ರು ದಿನಕ್ಕೆರಡು ಪುಟ ಎಡಗೈಯಲ್ಲಿ ಕಾಪಿ ಬರೆಯಬೇಕು. ತರಗತಿಯಲ್ಲಿ ಎಡಗೈ ಬರಹ ಯಾರದು ಚೆನ್ನಾಗಿದೆಯೋ ಆ ಮಗು ತಿದ್ದಬೇಕು. ಮುಂದಿನ ತಿಂಗಳು ಮೂರು ಜಿಲ್ಲೆಗಳ ಮೇಷ್ಟ್ರುಗಳು ಅವರ ಪಾಠ ನೋಡಲು ಬರುತ್ತಾರೆ.

ಕೆಲಸ ಉಳಿಯಿತಲ್ಲ, ಅಷ್ಟೇ ಸಾಕು ಎಂದು ಮೇಷ್ಟ್ರು ನಿಟ್ಟುಸಿರು ಬಿಟ್ಟರು. ಸಂಜೆ ಗಂಟೆ ಹೊಡೆದ ಮೇಲೂ ಚಿಕ್ಕ ಬೆಂಚಿನಲ್ಲಿ ಮಂಡಿ ಮಡಚಿ ಕೂತು ಎರಡು ಪುಟ ಮುಗಿಸಿದರು. ಮುಂದಿನ ಬೆಂಚಿನ ಹುಡುಗಿ ಕೆಂಪು ಪೆನ್ನು ಹಿಡಿದು ನೋಡಿ, ಮೇಷ್ಟ್ರು ದಿನಾ ಮಕ್ಕಳಿಗೆ ಹೇಳುವ ಧಾಟಿಯಲ್ಲೇ ಅಂದಳು.

“ಸಾರ್, ಪಕ್ಕದೋರದ್ದು ನೋಡಿ ಬರೆದಂಗಿದೆ. ಮತ್ತೆ ಬರೀರಿ.”