ಎಡಗಡೆಯ ಮುಂದಿನ ಗಾಲಿಯ ಅಳು

ಕಾರಿನ ನಾಲ್ಕು ಗಾಲಿಗಳೂ ಒಂದೇ ಸಮನಾಗಿ ಸವೆಯುತ್ತವೆ ಎಂದು ತಿಳಿದವರಲ್ಲಿ ನಾನೂ ಒಬ್ಬಳು. ಒಂದೇ ದಿನ ಕಾರಿಗೆ ಸೇರಿದವು, ಒಂದೇ ರಸ್ತೆಯಲ್ಲಿ ಉರುಳುವವು, ಅವುಗಳಲ್ಲಿ ಹೆಚ್ಚು ಕಡಿಮೆ ಯಾಕಾಗಬೇಕು? ನನ್ನ ಎಡಗಾಲಿನ ಚಪ್ಪಲಿ ಯಾವಾಗಲೂ ಬಲಗಾಲಿನದಕ್ಕಿಂತ ಮೊದಲು ಹರಿಯುತ್ತದೆ. ಆದರೂ ಈ ತಿಳಿವಳಿಕೆ ಕಾಲಿನಿಂದ ತಲೆಗೆ ಏರಿರಲಿಲ್ಲ. ಹೀಗಾಗಿ ಕಾರು ಎಡಗಡೆಯಿಂದ ಅಳಲು ಶುರು ಮಾಡಿದಾಗ ನನಗೆ ಬ್ರೇಕು ನೆನಪಾಗಲಿಲ್ಲ. ಬೇರೇನೋ ನೆನಪಾಯಿತು.

ನಾನು ಯಲಬುರ್ಗಾದ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತೆ, ಮನೆ ಕೊಪ್ಪಳದಲ್ಲಿ. ಕಚೇರಿಯವರೆಲ್ಲ ಬಸ್ಸಿಗೆ ಬಂದರೆ ನಾನೊಬ್ಬಳೇ ಕಾರು ಓಡಿಸಿಕೊಂಡು ಬರುತ್ತೇನೆ. ಕಾರು ಯಾರೋ ಬಳಸಿ ಬಿಟ್ಟದ್ದು, ಜಂಬ ಮಾತ್ರ ಹೊಸದು. ಕಚೇರಿಗೆ ಹೋಗುವ ದಾರಿಯಲ್ಲಿ ಒಂದು ಇಳಿಜಾರು ಬರುತ್ತದೆ, ಅದು ಮುಗಿಯುವಲ್ಲಿ ತಿರುವು, ತಿರುವಿನ ಎಡಕ್ಕೆ ಒಂದು ಹಾಳುಬಾವಿ. ಸುತ್ತ ಕಪ್ಪು ಎರೆಹೊಲ ಬಿಟ್ಟರೆ ಮನುಷ್ಯರ ಸುಳಿವಿಲ್ಲ. ಒಂದು ದಿನ ಸರಿಯಾಗಿ ಅಲ್ಲೇ ಆ ದನಿ ಕೇಳಿತು. ಸಣ್ಣಗೆ, ಸೆರಗು ಬಾಯಿಗಿಟ್ಟುಕೊಂಡು ಯಾರೋ ಅಳುತ್ತಿದ್ದ ಹಾಗೆ. ತಿರುವು ದಾಟಿದ ಕೂಡಲೇ ನಿಂತುಹೋಯಿತು. ಮರುದಿನವೂ ಅಲ್ಲೇ.

ಕಚೇರಿಯಲ್ಲಿ ಹೇಳಬಾರದಿತ್ತು, ಹೇಳಿದೆ. ಪಕ್ಕದ ಮೇಜಿನ ಶಾಂತಕ್ಕ ಕೈಯಲ್ಲಿದ್ದ ಚಹಾ ಕೆಳಗಿಟ್ಟು, ಆ ಬಾವಿಗೆ ಹಿಂದೊಮ್ಮೆ ಒಬ್ಬ ಹೆಣ್ಣುಮಗಳು ಬಿದ್ದಿದ್ದಳೆಂದೂ, ನಡುಮಧ್ಯಾಹ್ನ ಒಬ್ಬೊಬ್ಬರೇ ಹೋಗುವವರನ್ನು ಕರೆಯುತ್ತಾಳೆಂದೂ ಹೇಳಿದರು. ಅಂದಿನಿಂದ ನನ್ನ ಕಾಲು ಇಳಿಜಾರಿನ ಮೇಲ್ತುದಿಯಿಂದಲೇ ಬ್ರೇಕಿನ ಮೇಲೆ ಕೂರತೊಡಗಿತು. ಅಳು ಬಾವಿಯ ಹತ್ತಿರ ಬಿಟ್ಟು ಇಳಿಜಾರಿನ ತುದಿಯಿಂದಲೇ ಕೇಳತೊಡಗಿತು. ಅವಳು ನನ್ನನ್ನು ಎದುರುಗೊಳ್ಳಲು ಮೇಲಕ್ಕೆ ಬರುತ್ತಿದ್ದಾಳೆ ಎಂದುಕೊಂಡೆ.

ಗಂಡನಿಗೆ ಹೇಳಿದರೆ ಅವರು ಬಹಳ ಶಾಂತವಾಗಿ, ಅಳುವ ಕಾರು ಮನೆಯಲ್ಲಿ ಇರುವುದು ಬೇಡ, ಮಾರಿಬಿಡೋಣ, ನೀನು ಎಲ್ಲರಂತೆ ಬಸ್ಸಿಗೆ ಹೋಗು ಎಂದರು. ಈ ಮಾತಿಗೆ ಅವರು ಬಹಳ ದಿನದಿಂದ ಒಂದು ಕಾರಣ ಹುಡುಕುತ್ತಿದ್ದರೆಂದು ನನ್ನ ಗುಮಾನಿ. ಇಡೀ ದಿನದಲ್ಲಿ ಯಾರೂ ನನ್ನನ್ನು ಕರೆಯದ, ಏನೂ ಕೇಳದ ಹೊತ್ತು ಆ ಕಾರಿನೊಳಗಿನದು ಮಾತ್ರ. ನಿಜ ಹೇಳಬೇಕೆಂದರೆ ನನಗೆ ದೆವ್ವಕ್ಕಿಂತ ಬಸ್ಸಿನ ಹೆದರಿಕೆಯೇ ಹೆಚ್ಚಾಯಿತು.

ನನ್ನ ಪರವಾಗಿ ನಿಂತವರು ಅತ್ತೆಯೊಬ್ಬರೇ. ಮೊದಲೇ ಅಮಾವಾಸ್ಯೆಗೊಮ್ಮೆ ಕಾರು ತೊಳೆಸಿ ಇದೇ ಥರದ ಪೂಜೆ ಮಾಡುತ್ತಿದ್ದವರು, ಈಗ ಮಂಗಳವಾರ ಶುಕ್ರವಾರವೂ ಹಿಡಿದರು. ಅರಿಶಿನ ಸುಣ್ಣ ಕಲಸಿದ ಕೆಂಪುನೀರಿಗೆ ಹಿಡಿ ಉಪ್ಪು ಹಾಕಿ, ಕಾರಿಗೆ ನಿವಾಳಿಸಿ, ಅಷ್ಟನ್ನೂ ಎಡಗಡೆಯ ಮುಂದಿನ ಗಾಲಿಗೆ ಸುರಿಯುವುದು. ಮೇಲೆ ತೆಂಗಿನಕಾಯಿ ಒಡೆದು ಅದರ ನೀರು. ಕಾರು ಇನ್ನೂ ಜೋರಾಗಿ ಅತ್ತಿತು. ದೆವ್ವ ಬಿಟ್ಟು ಹೋಗುವಾಗ ಹಾಗೆಯೇ ಎಂದು ಅತ್ತೆ ಉಪ್ಪು ಹೆಚ್ಚಿಸಿದರು.

ಒಂದು ದಿನ ಬೆಳಗಿನ ಅರ್ಧ ದಿನ ರಜೆ ಹಾಕಿ ನಡುಮಧ್ಯಾಹ್ನ ಮನೆಯಿಂದ ಕಚೇರಿಗೆ ಹೊರಟೆ. ತಿರುವಿನಲ್ಲಿ ಬ್ರೇಕು ಒತ್ತಿದೆನೋ ಇಲ್ಲವೋ, ಸ್ಟೇರಿಂಗು ನನ್ನ ಕೈ ಮೀರಿ ಬಾವಿಯ ಕಡೆಗೆ ಎಳೆಯಿತು. ಹೇಗೋ ನಿಲ್ಲಿಸಿದೆ. ಅಳು ನಿಂತಿತು. ಗಾಳಿ ಇಲ್ಲ, ಹಕ್ಕಿಯ ದನಿಯೂ ಇಲ್ಲ. ಇಳಿದು ನೋಡಿದರೆ ಎಡಗಾಲಿಯಿಂದ ತೆಳ್ಳಗೆ ಹೊಗೆ ಏಳುತ್ತಿದೆ, ಏನೋ ಸುಟ್ಟ ವಾಸನೆ. ಆಗ ಬಾವಿಯೊಳಗಿಂದ ಪಾರಿವಾಳಗಳೆಲ್ಲ ಒಮ್ಮೆಲೇ ಮೇಲೆದ್ದವು. ನಾನು ಯಾವ ದೇವರನ್ನು ನೆನೆದೆನೆಂದು ಈಗ ನೆನಪಿಲ್ಲ. ಬಹುಶಃ ಯಾರನ್ನೂ ಬಿಟ್ಟಿರಲಿಕ್ಕಿಲ್ಲ.

ಗಾಲಿ ಆರಿದ ಮೇಲೆ ಕಾರು ಹಿಂದಕ್ಕೆ ತಿರುಗಿಸಿ ನಡೆಯುವ ವೇಗದಲ್ಲಿ ಕೊಪ್ಪಳದ ಗ್ಯಾರೇಜು ಮುಟ್ಟಿದೆ. ಮೇಸ್ತ್ರಿ ಬಲಗಾಲಿ ಬಿಚ್ಚಿದ, ಗಾಲಿಯನ್ನು ಒತ್ತಿ ಹಿಡಿಯುವ ಬ್ರೇಕಿನ ಪ್ಯಾಡುಗಳು ಬಿಸ್ಕತ್ತಿನಷ್ಟು ದಪ್ಪ ಇದ್ದವು. ಎಡಗಾಲಿ ಬಿಚ್ಚಿದ, ಒಳಗಿನ ಪ್ಯಾಡು ಸವೆದು ಬರೀ ತಗಡು ಉಳಿದಿತ್ತು. ಪ್ಯಾಡು ಹಿಂದೆ ಮುಂದೆ ಸರಿಯಲು ಇರುವ ಪಿನ್ನು ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಬ್ರೇಕಿನಿಂದ ಕಾಲು ತೆಗೆದರೂ ಪ್ಯಾಡು ಗಾಲಿಯನ್ನು ಬಿಡುತ್ತಿರಲಿಲ್ಲವಂತೆ. ಅವನು ಪಿನ್ನನ್ನು ಮೂಸಿ ನೋಡಿ ನನ್ನ ಮುಖ ನೋಡಿದ.

"ಅಕ್ಕಾರ, ಈ ಗಾಲಿಗಿ ಯಾರ್ರೀ ಅಭಿಷೇಕ ಮಾಡ್ಯಾರ?"

ಹೇಳಿದೆ. ಅವನು ನಗಲಿಲ್ಲ. ಪ್ಯಾಡು ಎಷ್ಟು ದಿನ ಬಾಳುತ್ತದೆಂದು ಕೇಳಿದ್ದಕ್ಕೆ, ಅದು ಒತ್ತುವವರ ಕಾಲಿನ ಮೇಲೆ ಹೋಗುತ್ತದೆ, ಕೆಲವರು ವರ್ಷಗಟ್ಟಲೆ ಓಡಿಸುತ್ತಾರೆ, ಸುಮ್ಮಸುಮ್ಮನೆ ಒತ್ತುವವರು ಬೇಗ ತಿನ್ನುತ್ತಾರೆ ಎಂದ. ಹೊಸ ಪ್ಯಾಡು, ಹೊಸ ಪಿನ್ನು ಬಂದವು. ಅಳು ನಿಂತಿತು. ಗಂಡ ಮಾರುವ ಮಾತು ಕೈಬಿಟ್ಟರು. ಅತ್ತೆ ತಮ್ಮ ಉಪ್ಪೇ ಕೆಲಸ ಮಾಡಿತೆಂದು ಓಣಿಗೆಲ್ಲ ಹೇಳಿದರು. ನನ್ನ ಕಾರು ಉಳಿಯಲೆಂದೇ ಅಷ್ಟು ಮಾಡಿದವರಿಗೆ ಕಾರು ಕೆಡಿಸಿದ್ದು ನೀವೇ ಎಂದು ಯಾವ ಬಾಯಲ್ಲಿ ಹೇಳಲಿ? ಇನ್ನು ನೀರನ್ನು ಅಂಗಳದ ಮೂಲೆಗೆ ಸುರಿದರೆ ಸಾಕಂತೆ ಎಂದಷ್ಟೇ ಹೇಳಿದೆ.

ಆಮೇಲೊಂದು ದಿನ ಯಲಬುರ್ಗಾದ ನೆಂಟರ ಮನೆಗೆಂದು ಅತ್ತೆ ನನ್ನ ಪಕ್ಕದಲ್ಲಿ ಕೂತರು. ತಿರುವು ಬಂತು. ಜಂಬದಿಂದ ಬ್ರೇಕು ಒತ್ತಿದೆ. ಒಂದಿಷ್ಟೂ ಸದ್ದಿಲ್ಲ. ಕೇಳಿದಿರಾ ಎಂಬಂತೆ ಅತ್ತೆಯ ಕಡೆ ನೋಡಿದೆ. ಅವರು ಕಿಟಕಿಯಾಚೆ, ಬಾವಿಯ ಕಡೆ ನೋಡುತ್ತಿದ್ದರು.

"ಹೌದವಾ, ಇವತ್ತ ಅಳಾಕತ್ತಿಲ್ಲ," ಅಂದರು. "ಸುಮ್ನ ನಿಂತ್ ನೋಡಾಕತ್ತಾಳ."

ನಾನು ಎಡಕ್ಕೆ ತಿರುಗಲಿಲ್ಲ, ಕನ್ನಡಿಯನ್ನೂ ನೋಡಲಿಲ್ಲ. ಯಲಬುರ್ಗಾ ಬರುವವರೆಗೆ ಅತ್ತೆಗೆ ಪಿನ್ನು, ತುಕ್ಕು, ಪ್ಯಾಡು ಎಲ್ಲವನ್ನೂ ವಿವರಿಸಿದೆ. ಅವರು ನಿದ್ದೆ ಮಾಡಿದರು.

ಮೊನ್ನೆ ಗ್ಯಾರೇಜಿಗೆ ಹೋದಾಗ ಮೇಸ್ತ್ರಿ ಗಾಲಿ ಬಿಚ್ಚಿ ನೋಡಿ, ಪ್ಯಾಡು ಎರಡೂ ಕಡೆ ಒಂದೇ ಸಮ ಇವೆ, ಸವೆದೇ ಇಲ್ಲ, ಅಕ್ಕಾರ ಈಗ ಛಲೋ ಓಡಿಸುತ್ತಾರೆ ಎಂದು ಹೊಗಳಿದ. ಹೌದೆಂದು ತಲೆಯಾಡಿಸಿದೆ. ಆ ತಿರುವಿನಲ್ಲಿ ಈಗ ನಾನು ಬ್ರೇಕು ಒತ್ತುವುದೇ ಇಲ್ಲ.