ಅಂದಾನಪ್ಪನ ಹೀರೇಕಾಯಿ ಪ್ರತಿಜ್ಞೆ

ಯುಗಗಳಲ್ಲಿ ಕಡೆಯದಾದ ಕಲಿಯುಗದಲ್ಲಿ, ನಗರಗಳಲ್ಲಿ ಮಿರ್ಚಿಮಂಡಕ್ಕಿಪರಿಮಳಭರಿತವಾದ ಗದಗ-ಬೆಟಗೇರಿಯಲ್ಲಿ, ಕಾಯಿಪಲ್ಲೆಯ ದರವು ಗಗನಮಂಡಲವನ್ನು ಭೇದಿಸಿ ನಕ್ಷತ್ರಗಳಿಗೇ ತಲೆನೋವಾಗಿದ್ದ ಘೋರಕಾಲದಲ್ಲಿ, ಒಬ್ಬ ವೀರನಿದ್ದನು. ಸಭಾಸದರೇ, ಕೆಮ್ಮುವವರು ಈಗಲೇ ಕೆಮ್ಮಿ ಮುಗಿಸಿರಿ. ನಡುವೆ ಕೆಮ್ಮಿದರೆ ನನಗೆ ಕೆಟ್ಟ ಸಿಟ್ಟು ಬರುತ್ತದೆ. ಆ ವೀರನೇ ಪಾತ್ರೆ ಅಂಗಡಿಯ ಅಂದಾನಪ್ಪ! ಸ್ಟೀಲ್ ತಟ್ಟೆಗಳ ಮೇಲೆ ವಧೂವರರ ಹೆಸರು ಕೊರೆಯುವುದರಲ್ಲಿ ಅಪ್ರತಿಮನು, ಚೌಕಾಶಿರಣರಂಗಭಯಂಕರನು, ಹರಿದ ಬನಿಯನ್ನನ್ನೂ ಬಿಸಾಡದ ಮಿತವ್ಯಯಮಹಾಮೇರುವು. ಅಂದಿನವರೆಗೆ ಆ ಮಹಾನುಭಾವನು ಬೆಳೆಸಿದ್ದು ಮೀಸೆಯೊಂದನ್ನೇ.

ಒಂದು ಪ್ರಾತಃಕಾಲದಲ್ಲಿ ಶಾಕಸಾಮ್ರಾಜ್ಯಚಕ್ರವರ್ತಿನಿಯಾದ ದ್ಯಾಮವ್ವನು ತನ್ನ ತಳ್ಳುಗಾಡಿಯನ್ನು ಓಣಿಯ ನಟ್ಟನಡುವೆ ನಿಲ್ಲಿಸಿ ಹೀರೇಕಾಯಿಯ ದರವನ್ನು ಸಾರಿದಳು. ಅಂದಾನಪ್ಪನ ಕಿವಿ ಕೆಂಪಾಯಿತು.

"ಹೀರೇಕಾಯಿ ಮಾರ್ತೀಯೋ, ಬಂಗಾರ ಮಾರ್ತೀಯೋ?"

"ಬ್ಯಾಡಾದ್ರ ಬಿಡೋ ಯಣ್ಣಾ. ಅಷ್ಟ ತ್ರಾಸ ಆದ್ರ ನೀನ ಬೆಳಕೋ!"

ಓಣಿ ನಕ್ಕಿತು. ಆಗ ಆ ವೀರನು ಚರಂಡಿಯ ಕಟ್ಟೆಯನ್ನೇರಿ, ಕೈಚೀಲವನ್ನು ಧ್ವಜದಂತೆ ಎತ್ತಿ, ಮೇಘಗಂಭೀರಸ್ವರದಿಂದ ನುಡಿದನು: "ಕೇಳಿರಿ ಓಣಿಯ ಮಹಾಜನರೇ! ನನ್ನ ಮಾಳಿಗೆಯ ಮೇಲೆ ನಾನೇ ಬೆಳೆದ ಹೀರೇಕಾಯಿಯ ಪಲ್ಯವು ತಾಟಿಗೆ ಬೀಳುವತನಕ ಈ ಗಾಡಿಯ ಒಂದು ಕೊತ್ತಂಬರಿ ಎಲೆಯನ್ನೂ ಮುಟ್ಟೆನು! ಬೇರೆ ಗಾಡಿಯದನ್ನೂ ಮುಟ್ಟೆನು! ಮುಟ್ಟಿದರೆ ನನ್ನನ್ನು ಗಂಡಸೆಂದು ಕರೆಯಬೇಡಿರಿ!"

ಅಯ್ಯೋ, ಆಡಿದ ಮೇಲೆ ಮುಗಿಯಿತಲ್ಲ! ಹೊಲವಿಲ್ಲ, ಬ್ಯಾಂಕಿನಲ್ಲಿ ಇಡುಗಂಟಿಲ್ಲ. ಅಂದಾನಪ್ಪನಿಗೆ ಓಣಿಯಲ್ಲಿ ಇದ್ದದ್ದು ಮಾತಿಗೆ ತಪ್ಪದವನೆಂಬ ಹೆಸರೊಂದೇ. ಈಗ ಅದು ಒಂದು ಬಳ್ಳಿಯ ಕೈಗೆ ಸೇರಿತು. ಆತನ ಧರ್ಮಪತ್ನಿ ಸುವರ್ಣಾ ಅಂದಿನಿಂದ ಕಡಲೆಹಿಟ್ಟಿನ ಝುಣಕವನ್ನೇ ಮಾಡತೊಡಗಿದಳು.

"ಆಣಿ ಮಾಡಾವ್ರು ನೀವು, ದಿನಾ ಝುಣಕ ತಿರವಾಕಿ ನಾನು! ಚೊಲೋ ಆತ ಬಿಡ್ರಿ ಇದು!"

ವೀರನು ಅಂಗಡಿಯಲ್ಲಿ ಮಾರಾಟವಾಗದೆ ಬಿದ್ದಿದ್ದ ಸೊಟ್ಟ ಕೊಳಗವೊಂದನ್ನು ಹೊತ್ತು ತಂದು, ನೀರು ಬಸಿಯಲು ತಳಕ್ಕೆ ತೂತು ಕೊರೆದನು. ಕೈಯಲ್ಲಿ ಕೊರೆಯುವ ಯಂತ್ರವಿದ್ದ ಮೇಲೆ ಸುಮ್ಮನಿರಲಾದೀತೇ? ರೂಢಿಯ ಬಲದಿಂದ ಅದರ ಹೊಟ್ಟೆಯ ಮೇಲೆ 'ಶುಭವಿವಾಹ' ಎಂದೂ ಕೊರೆದುಬಿಟ್ಟನು. ಮಣ್ಣು ತುಂಬಿ ಬೀಜ ಬಿತ್ತಿ, ದಿನಾ ಬೆಳಗ್ಗೆ ಬೀಜಗಳನ್ನು ಕೆದಕಿ ತೆಗೆದು, "ಹುಟ್ಟೀಯೇನಪಾ?" ಎಂದು ವಿಚಾರಿಸಿ ಮತ್ತೆ ಹೂಳಿದನು. ಈ ಮರ್ಯಾದೆ ತಾಳಲಾರದೆ ಎಲ್ಲವೂ ಸತ್ತವು. ಒಂದು ಮಾತ್ರ ಹಟ ಹಿಡಿದು ಹುಟ್ಟಿತು.

ಬಳ್ಳಿ ಹಬ್ಬಿತು, ಹೂವಾಯಿತು. ಆಗ ಬಂದಿತು ನೋಡಿ ಪತ್ರರಸಪಾನಮತ್ತವಾದ ಹಸಿರು ಹೇನುಗಳ ಅಪಾರ ಸೈನ್ಯ! ಅಂದಾನಪ್ಪನು ಮೆಣಸಿನಕಾಯಿ ಬೆಳ್ಳುಳ್ಳಿ ಅರೆದ ಮಹಾಸ್ತ್ರವನ್ನು ಪಿಚಕಾರಿಗೆ ತುಂಬಿ, "ಎಲೈ ಕ್ಷುದ್ರಕೀಟಗಳಿರಾ, ಇದೋ ನಿಮ್ಮ ಅಂತ್ಯಕಾಲ!" ಎಂದು ಗರ್ಜಿಸಿ, ಗಾಳಿಗೆ ಎದುರಾಗಿ ಪ್ರಯೋಗಿಸಿದನು. ಶತ್ರುಪಕ್ಷದಲ್ಲಿ ಒಂದು ಹುಳವೂ ಮಡಿಯಲಿಲ್ಲ, ನಮ್ಮ ಪಕ್ಷದ ಏಕೈಕ ಯೋಧನು "ಸತ್ನೆವ್ವಾ!" ಎಂದು ಕಣ್ಣು ಮುಚ್ಚಿಕೊಂಡು ನಲ್ಲಿಗೆ ಓಡಿದನು. ಕಡೆಗೆ ಸುವರ್ಣಾ ಸಾಬೂನುನೀರು ಸುರಿದು ಯುದ್ಧ ಮುಗಿಸಿದಳು.

ಆಹಾ, ಆಮೇಲೆ ಜನಿಸಿತು ಕಾಯಿ! ಒಂದೇ ಒಂದು ಕಾಯಿ! ಅಂದಾನಪ್ಪ ಮಾಳಿಗೆಯ ಮೇಲೆ ಕುಣಿದನು. ಕೆಳಗೆ ಗಾಡಿ ತಳ್ಳಿಕೊಂಡು ಹೋಗುತ್ತಿದ್ದ ದ್ಯಾಮವ್ವ ತಲೆಯೆತ್ತಿ, "ಭಾಳ ಚಂದ ಆಗೇತಿ ಬಿಡೋ ಯಣ್ಣಾ, ಕಾಯಿ!" ಎಂದಳು. ದೃಷ್ಟಿ! ನೇರ ದೃಷ್ಟಿ! ಕುಣಿತ ನಿಂತಿತು. ವೀರನು ತನ್ನ ಹಳೆಯ ಕರಿ ಪ್ಯಾಂಟಿನ ಒಂದು ಕಾಲನ್ನು ಕತ್ತರಿಸಿ, ಕಾಯಿಗೆ ತೊಡಿಸಿ, ಮೇಲೂ ಕೆಳಗೂ ದಾರ ಬಿಗಿದನು.

"ಎಳೇದೈತಿ, ಈಗ ಕೊಯ್ರಿ," ಎಂದಳು ಸುವರ್ಣಾ.

"ಛೀ! ಮೊದಲನೇ ಕಾಯಿ ಮನಿಯವ್ರ ತಿಂದ್ರ ಬಳ್ಳಿ ಮುನಿಸ್ಕೋತತಿ. ನಿನ್ನ ತಮ್ಮ ಈರಪ್ಪ ಬರಾಂವ ಅದಾನಲ್ಲ, ಅವನ ತಾಟಿಗೇ ಮೊದಲ ಪಲ್ಯ. ಅಲ್ಲೀತನಕ ಯಾರೂ ಬಿಚ್ಚಿ ನೋಡಬಾರ್ದು. ಬೆಳೀಲಿ ಬಿಡು, ದೊಡ್ಡದಾದಷ್ಟೂ ಉಳಿತಾಯ!"

ಈರಪ್ಪನಿಗೆ ಆ ವಾರ ಯಾರದೋ ಸೀಮಂತ. ಮರುವಾರ ಟ್ರ್ಯಾಕ್ಟರ್ ರಿಪೇರಿ. ಆಮೇಲೆ ಹಲ್ಲುನೋವು. ಅವನು ಬರುವೆ ಬರುವೆ ಎನ್ನುತ್ತಲೇ ಇದ್ದನು, ಪ್ಯಾಂಟಿನ ಕಾಲು ಜೋತಾಡುತ್ತಲೇ ಇತ್ತು, ಝುಣಕ ಕುದಿಯುತ್ತಲೇ ಇತ್ತು. ಎರಡು ತಿಂಗಳು ಕಳೆದ ಮೇಲೆ ಕೊನೆಗೂ ಒಂದು ಭಾನುವಾರ ಬಂದಿಳಿದನು.

ಅಂದಾನಪ್ಪನು ಸ್ನಾನ ಮಾಡಿ, ವಿಭೂತಿ ಧರಿಸಿ, ಕಾಯಿಯನ್ನು ಕೊಯ್ದು, ಅಡುಗೆಮನೆಯಲ್ಲಿ ಮಣೆಯ ಮೇಲಿಟ್ಟು ದಾರ ಬಿಚ್ಚಿದನು. ಒಳಗಿದ್ದದ್ದು ಕಂದು ಬಣ್ಣದ, ಒಣಕಲು ಆಕೃತಿ. ಸುವರ್ಣಾ ಚಾಕು ಹಾಕಿದಳು. ಚಾಕು ಪುಟಿಯಿತು.

ಈರಪ್ಪ ಅದನ್ನೆತ್ತಿ ಅಲುಗಾಡಿಸಿದನು. "ಗಲಗಲ ಅಂತೈತಲ್ರೀ ಮಾಮಾ! ಯಾವುದಾರ ಕೂಸಿಗೆ ಆಡಾಕ ಕೊಡ್ರಿ."

ಅಂದಾನಪ್ಪ ನಗಲಿಲ್ಲ. ಸುವರ್ಣಾ ಗಂಡನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಕೇಳಿದಳು: "ತವರಿಂದ ಬಂದಾನ್ರೀ. ಅವನ ಮುಂದನೂ ಝುಣಕ ಇಡ್ಲೇನು?" ಅವಳ ಕಣ್ಣು ತುಂಬಿದ್ದವು. ಮಾನ ತನ್ನೊಬ್ಬನದೇ ಎಂದುಕೊಂಡಿದ್ದ ಪೆದ್ದ ವೀರನಿಗೆ ಹೆಂಡತಿಗೂ ಒಂದು ಮಾನವಿದೆಯೆಂದು ಆಗ ಹೊಳೆಯಿತು. ಕೈಚೀಲ ಹಿಡಿದು ಮೆಟ್ಟಿಲಿಳಿದು ದ್ಯಾಮವ್ವನ ಗಾಡಿಯ ಮುಂದೆ ನಿಂತನು.

ಓಣಿಗೆ ಓಣಿಯೇ ಬಾಗಿಲಿಗೆ ಬಂದು ನಿಂತಿತು. ಭೂಮಿ ಬಿರಿಯಲಿಲ್ಲ, ಉಲ್ಕೆ ಉದುರಲಿಲ್ಲ.

"ಏನ್ ಕೊಡ್ಲೋ ಯಣ್ಣಾ?" ಎಂದಳು ದ್ಯಾಮವ್ವ.

"ಅರ್ಧ ಕಿಲೋ ಹೀರೇಕಾಯಿ," ಎಂದನು ಚೌಕಾಶಿರಣರಂಗಭಯಂಕರನು, ದರವನ್ನೂ ಕೇಳದೆ. "ಎಳೇವು ನೋಡಿ ಹಾಕವ್ವಾ."

ಪಲ್ಯ ಅಮೃತದಂತಿತ್ತು. ಈರಪ್ಪ ಮೂರು ಸಲ ಹಾಕಿಸಿಕೊಂಡು ಊರಿಗೆ ಹೋದನು.

ಮರುದಿನ ಬೆಳಗ್ಗೆ ಬಚ್ಚಲಲ್ಲಿ ಆ ಮಹಾವೀರನು ಬೆನ್ನು ಬಾಗಿಸಿ ಕುಳಿತಿದ್ದನು. ಸುವರ್ಣಾ ಆ ಕಾಯಿಯ ಸಿಪ್ಪೆ ಸುಲಿದು, ಬೀಜ ಉದುರಿಸಿ, ಉಳಿದ ನಾರಿಗೆ ಸಾಬೂನು ಹಚ್ಚಿ ಅವನ ಬೆನ್ನನ್ನು ಗಸಗಸ ತಿಕ್ಕುತ್ತಿದ್ದಳು.

"ಈ ವರ್ಷ ಬೆನ್ನು ತಿಕ್ಕೋ ಬ್ರಷ್ಷಿನ ರೊಕ್ಕ ಉಳೀತ ನೋಡ್ರಿ," ಎಂದು ನಕ್ಕಳು.

"ಹಗೂರಕ ತಿಕ್ಕ ಮಾರಾಯ್ತಿ," ಎಂದನು ಅಂದಾನಪ್ಪ, "ನಾ ಬೆಳೆಸಿದ್ದು ಅದು. ಹರದೀತು."